ಪಕ್ಷಿ ಸಂಘದ ಖಜಾಂಚಿ ಆಗಿ ಅಂತಿದ್ದಾರೆ, ಒಪ್ಪಿಕೊಳ್ಳಲೇ?

ಪ್ರಶ್ನೆ: ನಾನು ತುಮಕೂರು ಜಿಲ್ಲೆಯವಳು, ನಿವೃತ್ತ ಹೈಸ್ಕೂಲ್ ಶಿಕ್ಷಕಿ. ನಮ್ಮ ಭಾಗದಲ್ಲಿ ಒಂದು ಪಕ್ಷಿ ಮತ್ತು ಪರಿಸರ ಸಂಘ ಇದೆ. ನೋಂದಣಿಯಾಗಿ ಹತ್ತು ವರ್ಷದ ಮೇಲಾಯಿತು. ಭಾನುವಾರ ಕೆರೆ ಸುತ್ತುವುದು, ಮಕ್ಕಳಿಗೆ ಹಕ್ಕಿ ತೋರಿಸುವುದು, ವರ್ಷಕ್ಕೊಮ್ಮೆ ನೀರುಹಕ್ಕಿಗಳ ಎಣಿಕೆ, ಇಷ್ಟು ಕೆಲಸ. ಈಗ ನನ್ನನ್ನು ಕಾರ್ಯಕಾರಿ ಸಮಿತಿಗೆ ಸೇರಿ ಖಜಾಂಚಿ ಆಗಿ ಅಂತಿದ್ದಾರೆ. ‘ಆಗಾಗ ಸಹಿ ಹಾಕಿದರೆ ಸಾಕು ಮೇಡಂ’ ಎನ್ನುತ್ತಾರೆ ಅಧ್ಯಕ್ಷರು. ಅವರೇ ಸ್ಥಾಪಕರು. ಒಳ್ಳೆಯವರು, ಆದರೆ ಎಲ್ಲ ತೀರ್ಮಾನವೂ ಅವರದೇ. ಮೂರು ವರ್ಷದಿಂದ ಸರ್ವಸದಸ್ಯರ ಸಭೆ ನಡೆದಿಲ್ಲ. ಒಂದು ಕಂಪನಿ ನಮ್ಮೂರ ಕೆರೆಯ ಅಭಿವೃದ್ಧಿಗೆ ಸಿಎಸ್‌ಆರ್ ಹಣ, ಅಂದರೆ ಕಂಪನಿಗಳು ಸಾಮಾಜಿಕ ಹೊಣೆಗಾರಿಕೆಗೆ ಎಂದು ಖರ್ಚು ಮಾಡುವ ಹಣ, ಕೊಡುತ್ತೇವೆ ಎಂದಿದೆ. ಸುತ್ತ ಕಲ್ಲು ಕಟ್ಟಿ ವಾಕಿಂಗ್ ದಾರಿ, ದೀಪ, ಬೋಟಿಂಗ್ ಅವರ ಯೋಜನೆ. ಸಮಿತಿ ಇಬ್ಭಾಗವಾಗಿದೆ. ಸಮಿತಿಯವರೊಬ್ಬರು ಫೋಟೋ ತೆಗೆಯುವವರನ್ನು ದುಡ್ಡಿಗೆ ಗೂಡುಗಳ ಹತ್ತಿರ ಕರೆದುಕೊಂಡು ಹೋಗುತ್ತಾರೆ ಎಂಬ ಮಾತೂ ಇದೆ. ಅಮೆರಿಕದಲ್ಲಿರುವ ನನ್ನ ಹಳೆ ವಿದ್ಯಾರ್ಥಿ ‘ನೀವು ಖಜಾಂಚಿ ಆದರೆ ನಾನೂ ದುಡ್ಡು ಕಳಿಸ್ತೀನಿ ಟೀಚರ್’ ಎಂದಿದ್ದಾನೆ. ನನ್ನ ತಮ್ಮ ಮಾತ್ರ ‘ಏನಾದರೂ ಎಡವಟ್ಟಾದರೆ ನಿನ್ನ ಪಿಂಚಣಿ, ಮನೆ ಎರಡೂ ಹೋಗುತ್ತೆ, ಸುಮ್ನಿರು’ ಎಂದು ಹೆದರಿಸಿದ್ದಾನೆ. ನನಗೆ ಗೊತ್ತಿರುವ ಹಕ್ಕಿಗಳೂ ಕಡಿಮೆ. ಏನು ಮಾಡಲಿ?

ಉತ್ತರ: ಮೇಡಂ, ನೀವು ಕೇಳಿರುವುದು ಒಂದು ಪ್ರಶ್ನೆಯ ಹಾಗೆ ಕಂಡರೂ ಅದರೊಳಗೆ ಎರಡು ಇವೆ. ಸಮಿತಿಗೆ ಸೇರಿದರೆ ನನಗೇನಾದೀತು ಎನ್ನುವುದು ಒಂದು. ನಾನು ಸೇರಿದರೆ ಕೆರೆಗೆ, ಹಕ್ಕಿಗಳಿಗೆ ಏನಾದರೂ ಉಪಯೋಗ ಆದೀತಾ ಎನ್ನುವುದು ಇನ್ನೊಂದು. ಎರಡಕ್ಕೂ ಉತ್ತರ ಒಂದೇ ಪುಸ್ತಕದಲ್ಲಿದೆ. ಅದು ಸಭೆಯ ತೀರ್ಮಾನಗಳನ್ನು ಬರೆದಿಡುವ ನಿಮ್ಮ ಸಂಘದ ನಡಾವಳಿ ಪುಸ್ತಕ. ನಾನು ಸಂಘ ಸಂಸ್ಥೆಗಳ ಲೆಕ್ಕ ನೋಡುವವನು, ಹಕ್ಕಿ ಎಣಿಕೆಗೂ ಹೋಗುವವನು. ಆ ಅನುಭವದ ಮೇಲೆ ಹೇಳುತ್ತೇನೆ.

ಮೊದಲು ನಿಮ್ಮ ತಮ್ಮನ ಮಾತು. ಅದರಲ್ಲಿ ಅರ್ಧ ತಪ್ಪು, ಅರ್ಧ ಸರಿ. ಕರ್ನಾಟಕದಲ್ಲಿ ಇಂಥ ಸಂಘಗಳು ಸಾಮಾನ್ಯವಾಗಿ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಣಿ ಆಗಿರುತ್ತವೆ. ಸಂಘದ ವಿರುದ್ಧ ಸಾಲಕ್ಕೋ ಬಾಕಿಗೋ ಡಿಕ್ರಿ (ಕೋರ್ಟಿನ ತೀರ್ಪು) ಆದರೆ ಅದನ್ನು ಸಂಘದ ಆಸ್ತಿಯಿಂದ ವಸೂಲಿ ಮಾಡಬೇಕು, ಪದಾಧಿಕಾರಿಯ ಮನೆಯಿಂದ ಅಲ್ಲ. ಸರ್ಕಾರಿ ಪಿಂಚಣಿಯನ್ನಂತೂ ಸಿವಿಲ್ ಕೋರ್ಟಿನ ಡಿಕ್ರಿಗೆ ಜಪ್ತಿ ಮಾಡುವಂತೆಯೇ ಇಲ್ಲ. ಹಾಗಾಗಿ ಮನೆ, ಪಿಂಚಣಿ ಎರಡೂ ಹೋಗುತ್ತೆ ಎನ್ನುವುದು ಬರೀ ಹೆದರಿಕೆ.

ಇನ್ನರ್ಧ ಸರಿ ಏಕೆಂದರೆ, ಸಂಘದ ಹಣ ದುರುಪಯೋಗ ಆದರೆ, ಸುಳ್ಳು ಲೆಕ್ಕಕ್ಕೆ ಗೊತ್ತಿದ್ದೂ ಸಹಿ ಹಾಕಿದರೆ, ಕಾನೂನು ಸಂಘದ ಹೆಸರು ನೋಡುವುದಿಲ್ಲ. ಸಹಿ ಯಾರದು ಎಂದು ನೋಡುತ್ತದೆ. ವಿದೇಶಿ ದೇಣಿಗೆ ಕಾಯ್ದೆ, ವನ್ಯಜೀವಿ ಸಂರಕ್ಷಣಾ ಕಾಯ್ದೆ ಎರಡರಲ್ಲೂ ಹೀಗೇ ಇದೆ: ತಪ್ಪು ಸಂಘದ ಹೆಸರಿನಲ್ಲಿ ನಡೆದಿದ್ದರೂ ಆಗ ಅದರ ಹೊಣೆ ಹೊತ್ತಿದ್ದವರು ಉತ್ತರ ಹೇಳಬೇಕು. ‘ನನಗೆ ಗೊತ್ತಿರಲಿಲ್ಲ, ತಡೆಯಲು ಪ್ರಯತ್ನ ಪಟ್ಟಿದ್ದೆ’ ಎಂದು ತೋರಿಸುವ ಭಾರವೂ ಅವರ ಮೇಲೇ.

ಆದ್ದರಿಂದ ‘ಸಹಿ ಹಾಕಿದರೆ ಸಾಕು’ ಎಂಬ ಮಾತೇ ನಿಮ್ಮ ಪತ್ರದಲ್ಲಿ ನನಗೆ ಜಾಸ್ತಿ ಚಿಂತೆ ಹುಟ್ಟಿಸಿದ್ದು. ಅಧ್ಯಕ್ಷರು ಕೆಟ್ಟ ಉದ್ದೇಶದಿಂದ ಹೇಳಿರಲಾರರು. ಕೆಲಸಕ್ಕೆ ಜನ ಸಿಗುವುದಿಲ್ಲ, ಹೊರೆ ಕಡಿಮೆ ಎಂದು ತೋರಿಸಿ ಒಪ್ಪಿಸಲು ನೋಡುತ್ತಾರೆ. ಆದರೆ ಓದದೆ ಹಾಕಿದ ಸಹಿಗಿಂತ ದೊಡ್ಡ ಅಪಾಯ ಸ್ವಯಂಸೇವಕರಿಗೆ ಬೇರೆ ಇಲ್ಲ. ಹಣ ತಿಂದು ಒಡೆದ ಸಂಘಗಳನ್ನು ನೋಡಿದ್ದೇನೆ. ಅವುಗಳಿಗಿಂತ, ತಿಂದಿಲ್ಲ ಎಂದು ತೋರಿಸಲಾಗದೆ ಒಡೆದ ಸಂಘಗಳನ್ನೇ ಜಾಸ್ತಿ ನೋಡಿದ್ದೇನೆ. ಅಧ್ಯಕ್ಷರು ಕೈಯಿಂದ ಹಾಕಿ ಟೆಂಪೊ ಬಾಡಿಗೆ ಕೊಟ್ಟಿರುತ್ತಾರೆ, ಮಕ್ಕಳಿಗೆ ತಿಂಡಿ ತರಿಸಿರುತ್ತಾರೆ. ಬಿಲ್ ಇಲ್ಲ, ವೋಚರ್ ಇಲ್ಲ. ಎರಡು ವರ್ಷ ಕಳೆದ ಮೇಲೆ ಅದನ್ನು ವಾಪಸ್ ತಗೊಂಡಾಗ ಯಾರೋ ‘ಇದೇನು?’ ಎಂದು ಕೇಳುತ್ತಾರೆ. ಅಲ್ಲಿಗೆ ಇಪ್ಪತ್ತು ವರ್ಷದ ಗೆಳೆತನ ಮುಗಿಯಿತು. ಕೆರೆಗೆ ಹೋಗುವವರೂ ಇರುವುದಿಲ್ಲ.

ಮೂರು ವರ್ಷದ ಬಾಕಿ

ಸರ್ವಸದಸ್ಯರ ಸಭೆ ನಡೆದಿಲ್ಲ ಎನ್ನುವುದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಇದು ವರ್ಷಕ್ಕೊಮ್ಮೆ ಕಡ್ಡಾಯ. ಆ ಸಭೆಯಲ್ಲಿ ಆಡಿಟ್ ಆದ ಲೆಕ್ಕ ಮಂಡಿಸಬೇಕು. ಸಭೆ ಆದ 14 ದಿನದೊಳಗೆ ಹೊಸ ಸಮಿತಿಯ ಪಟ್ಟಿ ಮತ್ತು ಲೆಕ್ಕಪತ್ರವನ್ನು ಜಿಲ್ಲಾ ಸಂಘಗಳ ನೋಂದಣಾಧಿಕಾರಿಗೆ ಸಲ್ಲಿಸಬೇಕು. ಸಭೆಯೇ ಆಗಿಲ್ಲ ಎಂದರೆ ಮೂರು ವರ್ಷದಿಂದ ಏನೂ ಸಲ್ಲಿಕೆ ಆಗಿರಲಿಕ್ಕಿಲ್ಲ. ಹಾಗಾದರೆ ಕಾಗದದ ಮೇಲೆ ಈಗಿರುವ ಸಮಿತಿ ಯಾವುದು? ಬ್ಯಾಂಕಿನವರು ಖಾತೆಯ ಸಹಿ ಬದಲಿಸಲು ಕೇಳುವುದು ಇದೇ ಪಟ್ಟಿಯನ್ನು. ಸಿಎಸ್‌ಆರ್ ಕೊಡುವ ಕಂಪನಿ ಕೇಳುವುದೂ ಇದನ್ನೇ.

ಇದು ಅಪರೂಪದ ಕಾಯಿಲೆ ಅಲ್ಲ. ಹಕ್ಕಿ ನೋಡಲು ಸೇರಿದವರಿಗೆ ಕಾಗದ ಪತ್ರ ಬೇಜಾರು. ಸ್ಥಾಪಕರು ಒಬ್ಬರೇ ಎಳೆಯುತ್ತಿರುತ್ತಾರೆ, ಉಳಿದವರು ಹೇಗೂ ಅವರಿದ್ದಾರಲ್ಲ ಎಂದು ಸುಮ್ಮನಿರುತ್ತಾರೆ. ಹೀಗೆ ಎಲ್ಲ ತೀರ್ಮಾನವೂ ಅವರ ಕೈಗೆ ಹೋಗುತ್ತದೆ. ಬಹಳ ಸಲ ಅದು ಅವರು ಕಿತ್ತುಕೊಂಡಿದ್ದಲ್ಲ, ಉಳಿದವರು ಬಿಟ್ಟುಕೊಟ್ಟಿದ್ದು. ದಂಡ ಕಟ್ಟಿ, ಬಾಕಿ ವರ್ಷಗಳ ಲೆಕ್ಕ ಆಡಿಟ್ ಮಾಡಿಸಿ, ಸಭೆ ಕರೆದು ಸರಿಪಡಿಸಿಕೊಳ್ಳುವ ದಾರಿ ಇದೆ. ಬಿಟ್ಟರೆ ನೋಂದಣಾಧಿಕಾರಿ ವಿಚಾರಣೆ ನಡೆಸಬಹುದು. ಕೊನೆಗೆ ನೋಂದಣಿ ರದ್ದಾಗುವುದು, ಆಡಳಿತಾಧಿಕಾರಿ ಬರುವುದು, ಎಲ್ಲಕ್ಕೂ ಕಾಯ್ದೆಯಲ್ಲಿ ಅವಕಾಶ ಇದೆ.

ನೀವು ಒಪ್ಪಿಕೊಳ್ಳುವ ಮುಂಚೆ ಹಳೆ ಖಜಾಂಚಿಯಿಂದ ಏನೇನು ಕೈಗೆ ಬರಬೇಕು ಎನ್ನುವುದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಇಲ್ಲಿ ಆಗುವ ಸಡಿಲ ಆಮೇಲೆ ವರ್ಷಗಟ್ಟಲೆ ಕಾಡುತ್ತದೆ. ಬ್ಯಾಂಕ್ ಸ್ಟೇಟ್‌ಮೆಂಟ್ ಹಳೆ ಖಜಾಂಚಿ ಪ್ರಿಂಟ್ ಹಾಕಿ ಕೊಟ್ಟಿದ್ದಲ್ಲ, ಬ್ಯಾಂಕಿನಿಂದಲೇ ತಂದಿದ್ದು ಇರಲಿ. ಚೆಕ್ ಪುಸ್ತಕದಲ್ಲಿ ಉಳಿದ ಹಾಳೆಗಳ ಸಂಖ್ಯೆ ಬರೆದುಕೊಳ್ಳಿ. ಯಾವುದಾದರೂ ಹಾಳೆಗೆ ಮೊದಲೇ ಸಹಿ ಹಾಕಿಟ್ಟಿದ್ದರೆ ಅವರ ಎದುರೇ ರದ್ದು ಮಾಡಿಸಿ. ರಸೀದಿ ಪುಸ್ತಕಗಳು ಎಷ್ಟು ಅಚ್ಚಾದವು, ಯಾವ ಸಂಖ್ಯೆವರೆಗೆ ಹರಿದಿದೆ, ಖಾಲಿ ಪುಸ್ತಕ ಯಾರ ಮನೆಯಲ್ಲಿದೆ? ಇದನ್ನು ಯಾರೂ ಕೇಳುವುದಿಲ್ಲ, ನೀವು ಕೇಳಿ. ಠೇವಣಿ ರಸೀದಿ, ಪ್ಯಾನ್ ಕಾರ್ಡ್, ಜನ 12ಎ, 80ಜಿ ಎಂದು ಕರೆಯುವ ಆದಾಯ ತೆರಿಗೆ ನೋಂದಣಿ ಆದೇಶಗಳು, ಅವುಗಳ ನವೀಕರಣದ ದಿನಾಂಕ. 2025ರ ಹೊಸ ಆದಾಯ ತೆರಿಗೆ ಕಾಯ್ದೆಯಲ್ಲಿ ಕಲಂ ಸಂಖ್ಯೆಗಳು ಬದಲಾದವು, ರೂಢಿಯ ಹೆಸರು ಹಾಗೇ ಉಳಿದಿದೆ. ತೆರಿಗೆ ಪೋರ್ಟಲ್‌ನ ಪಾಸ್‌ವರ್ಡ್ ಯಾರ ಹತ್ತಿರ ಇದೆ, ಒಟಿಪಿ ಯಾರ ಮೊಬೈಲಿಗೆ ಹೋಗುತ್ತೆ? ಸಂಘ ಬಿಟ್ಟು ಬೆಂಗಳೂರಿಗೆ ಹೋದವರ ಫೋನಿಗೆ ಒಟಿಪಿ ಹೋಗಿ, ಅವರು ಫೋನ್ ಎತ್ತದೆ, ರಿಟರ್ನ್ ಸಲ್ಲಿಸುವ ಕೊನೆ ದಿನ ದಾಟುವುದು ನನ್ನ ಕಚೇರಿಯಲ್ಲಿ ಹೊಸ ವಿಷಯವಲ್ಲ. ಕೊನೆಗೆ ವಸ್ತುಗಳು. ಬೈನಾಕ್ಯುಲರ್, ಸ್ಪಾಟಿಂಗ್ ಸ್ಕೋಪ್, ಟ್ರೈಪಾಡ್, ಪ್ರೊಜೆಕ್ಟರ್ ಎಲ್ಲವನ್ನೂ ಎದುರಿಟ್ಟುಕೊಂಡು ಪಟ್ಟಿ ಮಾಡಿ. ಕೊಟ್ಟವರು, ಪಡೆದವರು ಇಬ್ಬರೂ ಸಹಿ ಹಾಕಿ.

ಹೀಗೆ ಕೇಳಿದರೆ ಅನುಮಾನ ಪಟ್ಟ ಹಾಗಾಗುತ್ತೆ ಅಂತ ನಿಮಗೆ ಸಂಕೋಚ ಆಗಬಹುದು. ನಿಜಕ್ಕೂ ಇದು ಹಳೆ ಖಜಾಂಚಿಗೂ ರಕ್ಷಣೆ. ಆ ಪಟ್ಟಿಯ ದಿನದಿಂದ ಅವರ ಹೊಣೆ ಮುಗಿಯಿತು, ನಿಮ್ಮದು ಶುರುವಾಯಿತು.

ಕೆರೆಯ ವಿಷಯ

ಈಗ ಕಂಪನಿಯ ಪ್ರಸ್ತಾಪಕ್ಕೆ ಬರೋಣ. ನಿಮ್ಮ ಪತ್ರದಲ್ಲಿ ಹಕ್ಕಿಗಳಿಗೆ ನೇರವಾಗಿ ತಟ್ಟುವುದು ಇದೇ.

ಇಲ್ಲಿ ಎರಡು ತಪ್ಪು ತಿಳಿವಳಿಕೆ ಓಡಾಡುತ್ತವೆ. ‘ನಮ್ಮ ಕೆರೆಯಲ್ಲಿ ಇಷ್ಟೊಂದು ಹಕ್ಕಿ ಬರುತ್ತವೆ, ಕಾನೂನಿನ ರಕ್ಷಣೆ ಇದ್ದೇ ಇರುತ್ತದೆ’ ಎನ್ನುವುದು ಮೊದಲನೆಯದು. ಅದು ನಿಜವಲ್ಲ. ಕರ್ನಾಟಕದಲ್ಲಿ ರಾಮ್ಸಾರ್ ಪಟ್ಟಿಗೆ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗುಭೂಮಿಗಳ ಪಟ್ಟಿಗೆ, ಸೇರಿರುವುದು ಕೆಲವೇ ತಾಣಗಳು. 2022ರಲ್ಲಿ ರಂಗನತಿಟ್ಟು, 2024ರಲ್ಲಿ ಗದಗದ ಮಾಗಡಿ ಕೆರೆ, ವಿಜಯನಗರ ಜಿಲ್ಲೆಯ ಅಂಕಸಮುದ್ರ ಮತ್ತು ಅಘನಾಶಿನಿ ಅಳಿವೆ ಸೇರಿದವು. ಉಳಿದ ಕೆರೆಗಳಿಗೆ 2017ರ ಜೌಗುಭೂಮಿ ನಿಯಮಗಳು ಕಾವಲು ಎಂದುಕೊಂಡರೆ, ನೀರಾವರಿಗೆ, ಕುಡಿಯುವ ನೀರಿಗೆ ಎಂದೇ ಮನುಷ್ಯರು ಕಟ್ಟಿದ ಕೆರೆಗಳನ್ನು ಆ ನಿಯಮಗಳ ವ್ಯಾಖ್ಯೆಯಿಂದಲೇ ಹೊರಗಿಟ್ಟಿದ್ದಾರೆ. ನಮ್ಮ ಬಯಲುಸೀಮೆಯ ಕೆರೆಗಳಲ್ಲಿ ಹೆಚ್ಚಿನವು ನೀರಾವರಿಗೆ ಕಟ್ಟಿದ್ದೇ ಅಲ್ವಾ?

ಎರಡನೆಯದು ಇದಕ್ಕೆ ವಿರುದ್ಧ. ‘ಕಂಪನಿ ದುಡ್ಡು, ಸಂಘದ ಕೆಲಸ, ಬೇರೆಯವರನ್ನು ಏನು ಕೇಳುವುದು?’ ಎನ್ನುವುದು. ಕೆರೆ ಸಂಘದ್ದೂ ಅಲ್ಲ, ಕಂಪನಿಯದ್ದೂ ಅಲ್ಲ. ನಮ್ಮ ರಾಜ್ಯದಲ್ಲಿ 40 ಹೆಕ್ಟೇರಿನಿಂದ 2,000 ಹೆಕ್ಟೇರ್‌ವರೆಗೆ ನೀರುಣಿಸುವ ಕೆರೆಗಳು ಸಣ್ಣ ನೀರಾವರಿ ಇಲಾಖೆಗೆ ಸೇರುತ್ತವೆ. ಅದಕ್ಕಿಂತ ಚಿಕ್ಕವು ಪಂಚಾಯತಿಗಳ ಕೈಯಲ್ಲಿವೆ. ಯಾರ ಕೆರೆಯೋ ಅವರ ಲಿಖಿತ ಅನುಮತಿ ಇಲ್ಲದೆ ಒಂದು ಬುಟ್ಟಿ ಮಣ್ಣು ಎತ್ತಿದರೂ ತಪ್ಪು. ಊರಿನಲ್ಲಿ ಮೀನು ಹಿಡಿಯುವ ಹಕ್ಕು ಯಾರಿಗಿದೆ, ದನಕ್ಕೆ ನೀರು ಎಲ್ಲಿ ಕುಡಿಸುತ್ತಾರೆ, ಕೆಳಗಿನ ಗದ್ದೆಯವರು ಏನಂತಾರೆ, ಇದನ್ನೆಲ್ಲ ಕೇಳದೆ ಮಾಡಿದ ಯೋಜನೆಗೆ ಊರವರೇ ಅಡ್ಡ ನಿಲ್ಲುತ್ತಾರೆ. ಅವರು ನಿಲ್ಲುವುದು ಸರಿಯೂ ಹೌದು.

ಇನ್ನು ಯೋಜನೆಯ ಒಳಗೆ ಏನಿದೆ ನೋಡೋಣ. ಕೆರೆಯ ಅಂಚಿಗೆ ಕಲ್ಲು ಕಟ್ಟಿ ಕಡಿದಾಗಿ ಮಾಡಿದರೆ ನೋಡಲು ಅಚ್ಚುಕಟ್ಟು. ಆದರೆ ಹಕ್ಕಿಗಳಲ್ಲಿ ಬಹುಪಾಲು ಬದುಕುವುದು ಆ ಅಂಚಿನಲ್ಲೇ. ಮೆಟ್ಟುಗಾಲು ಹಕ್ಕಿ, ಗೊರವ, ಬಕ, ಬಣ್ಣದ ಕೊಕ್ಕರೆ ಯಾವುದೂ ಈಜಿಕೊಂಡು ಬೇಟೆ ಆಡುವುದಿಲ್ಲ. ಕಾಲು ನೆಲಕ್ಕೆ ತಾಗುವಷ್ಟು ತೆಳು ನೀರು, ಕೆಸರು ಅವಕ್ಕೆ ಬೇಕು. ಟಿಟ್ಟಿಭ ಮೊಟ್ಟೆ ಇಡುವುದು ಅಂಚಿನ ಬರೀ ನೆಲದ ಮೇಲೆ. ಗುಳುಮುಳುಕ, ದೇವನಕ್ಕಿಗೆ ನೀರಿನ ಸಸ್ಯಗಳು ಬೇಕು. ಸುತ್ತ ಕಲ್ಲು ಕಟ್ಟಿ, ನಡುವೆ ಆಳ ತೋಡಿ, ಸಸ್ಯಗಳನ್ನೆಲ್ಲ ಕಿತ್ತರೆ ನೀರು ನಿಲ್ಲುತ್ತದೆ, ಹಕ್ಕಿ ನಿಲ್ಲುವುದಿಲ್ಲ. ಕೆರೆಯೊಳಗಿನ ಜಾಲಿ ಮರಗಳನ್ನು ಕಸ ಎಂದು ಕಡಿಯುವವರಿಗೆ ಅಂಕಸಮುದ್ರ ತೋರಿಸಿ. ಅಲ್ಲಿ ಸಾವಿರಾರು ಹಕ್ಕಿಗಳು ಗೂಡು ಕಟ್ಟುವುದು ನೀರಿನೊಳಗೆ ನಿಂತ ಜಾಲಿ ಮರಗಳ ಮೇಲೇ.

ಇದರ ಜೊತೆಗೆ ಕ್ಯಾಲೆಂಡರಿನ ತೊಂದರೆ ಇದೆ. ಕಂಪನಿಗಳಿಗೆ ಆರ್ಥಿಕ ವರ್ಷ ಮಾರ್ಚ್ 31ಕ್ಕೆ ಮುಗಿಯುತ್ತದೆ. ಅಷ್ಟರೊಳಗೆ ಸಿಎಸ್‌ಆರ್ ಹಣ ಖರ್ಚಾಗಿ ಫೋಟೋ, ಬಿಲ್ ಕೈ ಸೇರಬೇಕು. ಹಾಗಾಗಿ ಜೆಸಿಬಿ ಬರುವುದು ಜನವರಿ, ಫೆಬ್ರವರಿ, ಮಾರ್ಚ್‌ನಲ್ಲಿ. ದೂರದಿಂದ ಚಳಿಗಾಲ ಕಳೆಯಲು ಬಂದ ಬಾತುಗಳು ಇನ್ನೂ ಕೆರೆಯಲ್ಲಿರುವ ಹೊತ್ತು ಅದು. ನಮ್ಮ ಕಡೆ ಬಣ್ಣದ ಕೊಕ್ಕರೆ, ಹೆಜ್ಜಾರ್ಲೆಗಳು ಗೂಡಿನಲ್ಲಿರುವ ಹೊತ್ತೂ ಅದೇ. ಸದುದ್ದೇಶದ ಹಣ ಅತ್ಯಂತ ಕೆಟ್ಟ ತಿಂಗಳಲ್ಲಿ ಕೆರೆಗಿಳಿಯುವುದು ಹೀಗೆ. ಆದರೆ ಸಿಎಸ್‌ಆರ್ ನಿಯಮದಲ್ಲೇ ‘ಚಾಲ್ತಿಯಲ್ಲಿರುವ ಯೋಜನೆ’ ಎಂಬ ಅವಕಾಶ ಇದೆ. ಶುರುವಾದ ವರ್ಷ ಬಿಟ್ಟು ಇನ್ನೂ ಮೂರು ವರ್ಷ ಹಣ ಖರ್ಚು ಮಾಡಬಹುದು. ಇದನ್ನು ಕೇಳುವ ಸಂಘಗಳು ಕಡಿಮೆ. ಕೇಳಿ.

ಹಣ ನೇರವಾಗಿ ನಿಮ್ಮ ಸಂಘಕ್ಕೆ ಬರಬೇಕಾದರೆ ಸಿಎಸ್‌ಆರ್-1 ಎಂಬ ಅರ್ಜಿಯ ಮೂಲಕ ಆಗುವ ನೋಂದಣಿ, 12ಎ, 80ಜಿ, ಮೂರು ವರ್ಷದ ಕೆಲಸದ ದಾಖಲೆ ಬೇಕು. ಸಭೆ, ಆಡಿಟ್ ಬಾಕಿ ಇಟ್ಟುಕೊಂಡಿರುವ ಸಂಘಕ್ಕೆ ಇದು ಈಗಲೇ ಆಗುವ ಮಾತಲ್ಲ. ಅದು ಒಂದು ರೀತಿಯಲ್ಲಿ ಒಳ್ಳೆಯದೇ ಆಯಿತು. ಯೋಚಿಸಲು ನಿಮಗೆ ಸಮಯ ಸಿಕ್ಕಿತು.

ಸಮಿತಿ ಈಗ ಏನು ಮಾಡಬಹುದು? ಪೂರ್ತಿ ಬೇಡ ಎನ್ನಬಹುದು. ಆಗ ಕಂಪನಿ ಇನ್ನೊಬ್ಬರನ್ನು ಹಿಡಿದು ಅದೇ ಕಲ್ಲು, ಅದೇ ದೀಪ ಹಾಕಿಸುವ ಸಾಧ್ಯತೆ ಇದೆ, ನೀವು ಹೊರಗೆ ನಿಂತು ನೋಡಬೇಕಾಗುತ್ತದೆ. ಪೂರ್ತಿ ಒಪ್ಪಬಹುದು. ಆಗ ಕೆರೆ ಉದ್ಯಾನವಾಗುತ್ತದೆ, ಸಂಘದ ಹೆಸರು ಫಲಕದ ಮೇಲೆ ಬರುತ್ತದೆ, ಹಕ್ಕಿ ಕಡಿಮೆಯಾದ ದಿನ ಆ ಫಲಕ ನಿಮ್ಮನ್ನೇ ತೋರಿಸುತ್ತದೆ. ನನ್ನ ಅಭಿಪ್ರಾಯ ಮೂರನೆಯ ದಾರಿಯ ಕಡೆಗಿದೆ. ಕೋಡಿ, ರಾಜಕಾಲುವೆ ದುರಸ್ತಿ, ಕೊಳಚೆ ನೀರು ಕೆರೆಗೆ ಸೇರದಂತೆ ತಡೆಯುವುದು, ಜಾಲಿ ಮರಗಳ ರಕ್ಷಣೆ, ಒಂದೇ ದಿಕ್ಕಿನಲ್ಲಿ ಮಣ್ಣಿನ ದಾರಿ, ಶಾಲಾ ಮಕ್ಕಳಿಗೆ ಬೈನಾಕ್ಯುಲರ್, ಇವಕ್ಕೆ ಹಣ ಕೇಳಿ. ಬೋಟಿಂಗ್ ಮತ್ತು ರಾತ್ರಿ ದೀಪಕ್ಕೆ ಖಂಡಿತ ಬೇಡ ಎನ್ನಿ. ಇದರಲ್ಲೂ ಅಪಾಯ ಇಲ್ಲದಿಲ್ಲ. ಮಾತುಕತೆ ನಡೆದಂತೆ ಒಂದೊಂದೇ ಷರತ್ತು ಸಡಿಲವಾಗುತ್ತಾ ಹೋಗುತ್ತದೆ. ಅದಕ್ಕೇ ಮಾತುಕತೆಗೆ ಕೂರುವ ಮುಂಚೆಯೇ ನಿರ್ಣಯ ಬರೆದಿಡಬೇಕು.

ಆ ನಿರ್ಣಯ ಹೇಗಿರಬೇಕು? ‘ಕೆರೆ ಅಭಿವೃದ್ಧಿ ಬಗ್ಗೆ ಚರ್ಚಿಸಿ ಒಪ್ಪಲಾಯಿತು’ ಎಂಬ ಒಂದು ಸಾಲಿನ ನಿರ್ಣಯಗಳೇ ಸಂಘಗಳನ್ನು ಕೆಡಿಸುವುದು. ಏನನ್ನು ಒಪ್ಪಿದರು, ಯಾವ ಷರತ್ತಿನ ಮೇಲೆ, ಯಾರು ಸೂಚಿಸಿದರು, ಯಾರು ಅನುಮೋದಿಸಿದರು, ಯಾರು ಒಪ್ಪಲಿಲ್ಲ ಮತ್ತು ಏಕೆ ಎಂದು ಬರೆಯಬೇಕು. ‘ಪೂರ್ವದ ಅಂಚಿನಲ್ಲಿ ಕಲ್ಲು ಕಟ್ಟಡ ಇಲ್ಲ. ಡಿಸೆಂಬರಿನಿಂದ ಜುಲೈವರೆಗೆ ಯಂತ್ರ ಇಳಿಸುವಂತಿಲ್ಲ. ಇವೆರಡನ್ನೂ ಒಪ್ಪಂದದಲ್ಲಿ ಸೇರಿಸದಿದ್ದರೆ ಸಂಘ ಹಿಂದೆ ಸರಿಯುತ್ತದೆ’ ಎಂದು ಬರೆದ ಪುಟಕ್ಕೆ ಬಲ ಇರುತ್ತದೆ. ನೀವು ಒಪ್ಪದಿದ್ದರೆ ‘ನನ್ನ ಭಿನ್ನಾಭಿಪ್ರಾಯ ದಾಖಲಿಸಿ’ ಎನ್ನಿ. ಆ ಎರಡು ಸಾಲು ನಿಮ್ಮ ತಮ್ಮ ಹೆದರಿಸಿದ ಎಲ್ಲಕ್ಕೂ ನಿಮ್ಮ ರಕ್ಷಣೆ. ಕೆರೆಗೂ ಅದೇ ರಕ್ಷಣೆ, ಏಕೆಂದರೆ ಮುಂದಿನ ಸಮಿತಿ ಬಂದು ಓದುವುದು ಆ ಪುಟವನ್ನೇ. ಸಭೆ ಮುಗಿದ ಮೇಲೆ ಖಾಲಿ ಜಾಗ ಬಿಟ್ಟು ಸಹಿ ಕೇಳಿದರೆ ಹಾಕಬೇಡಿ. ಖಾಲಿ ಜಾಗಕ್ಕೆ ಅಡ್ಡಗೆರೆ ಎಳೆಸಿ ಆಮೇಲೆ ಹಾಕಿ.

ಅಮೆರಿಕದ ಶಿಷ್ಯ

ನಿಮ್ಮ ವಿದ್ಯಾರ್ಥಿಗೆ ಮೊದಲು ಒಂದೇ ಪ್ರಶ್ನೆ ಕೇಳಿ: ‘ಯಾವ ದೇಶದ ಪಾಸ್‌ಪೋರ್ಟ್ ಇದೆಯಪ್ಪಾ?’ ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡು ಅಲ್ಲಿ ದುಡಿಯುತ್ತಿದ್ದರೆ, ಬ್ಯಾಂಕ್ ಮೂಲಕ ತನ್ನ ಉಳಿತಾಯದಿಂದ ಕಳಿಸಿದ್ದು ವಿದೇಶಿ ದೇಣಿಗೆ ಅಲ್ಲ. ಪಾಸ್‌ಪೋರ್ಟಿನ ಪ್ರತಿ ತರಿಸಿ ಕಡತದಲ್ಲಿಡಿ. ಅಮೆರಿಕದ ಪೌರತ್ವ ಪಡೆದಿದ್ದರೆ ಕತೆ ಬೇರೆ. ಭಾರತ ಮೂಲದ ವಿದೇಶಿ ಪ್ರಜೆಗಳಿಗೆ ಕೊಡುವ ಒಸಿಐ ಕಾರ್ಡ್ ಇದ್ದರೂ ಕಾನೂನಿನ ಕಣ್ಣಿಗೆ ಅವನು ವಿದೇಶಿ ಮೂಲ. ಊರಿಗೆ ಬಂದಾಗ ರೂಪಾಯಿಯಲ್ಲಿ ಕೊಟ್ಟರೂ ಅದು ವಿದೇಶಿ ದೇಣಿಗೆಯೇ. ಎಫ್‌ಸಿಆರ್‌ಎ, ಅಂದರೆ ವಿದೇಶಿ ದೇಣಿಗೆ ಕಾಯ್ದೆಯಡಿ ನೋಂದಣಿ ಇಲ್ಲದೆ, ಅಥವಾ ಕೇಂದ್ರ ಗೃಹ ಸಚಿವಾಲಯದ ಪೂರ್ವಾನುಮತಿ ಇಲ್ಲದೆ ಮುಟ್ಟುವಂತಿಲ್ಲ. ಆ ನೋಂದಣಿಗೆ ಮೂರು ವರ್ಷದಲ್ಲಿ 15 ಲಕ್ಷ ರೂಪಾಯಿ ಕೆಲಸಕ್ಕೆ ಖರ್ಚು ಮಾಡಿರಬೇಕು, ದೆಹಲಿಯ ಸ್ಟೇಟ್ ಬ್ಯಾಂಕಿನ ನಿಗದಿತ ಶಾಖೆಯಲ್ಲಿ ಖಾತೆ ತೆರೆಯಬೇಕು. ನಿಮ್ಮಂಥ ಚಿಕ್ಕ ಸಂಘಕ್ಕೆ ಇದು ಭಾರ.

‘ಅವನು ಅಣ್ಣನ ಖಾತೆಗೆ ಹಾಕಲಿ, ಅಣ್ಣ ನಮಗೆ ಕೊಡಲಿ’ ಎಂದು ಯಾರಾದರೂ ಸಲಹೆ ಕೊಟ್ಟೇ ಕೊಡುತ್ತಾರೆ. ಬೇಡವೇ ಬೇಡ. ಕೈ ಬದಲಾದರೂ ಅದು ವಿದೇಶಿ ದೇಣಿಗೆಯೇ. ನೋಂದಣಿ ಇರುವ ದೊಡ್ಡ ಸಂಸ್ಥೆಗೆ ಬಂದು ಅಲ್ಲಿಂದ ನಿಮಗೆ ವರ್ಗಾಯಿಸುವುದನ್ನೂ 2020ರ ತಿದ್ದುಪಡಿ ನಿಲ್ಲಿಸಿತು. ಪೌರತ್ವ ಬದಲಾಗಿದ್ದರೆ ಅವನ ಸಮಯ ಕೇಳಿ. ನಿಮ್ಮ ಹಳೆ ಎಣಿಕೆ ಪುಸ್ತಕಗಳನ್ನು ಕಂಪ್ಯೂಟರಿಗೆ ಹಾಕಿ ಕೊಡಲಿ. ಅದಕ್ಕೆ ಯಾವ ಅನುಮತಿಯೂ ಬೇಡ.

ಗೂಡಿನ ಫೋಟೋ

ಇದನ್ನು ಸಮಿತಿಯಲ್ಲಿ ಮಾತಾಡಲು ಎಲ್ಲರಿಗೂ ಮುಜುಗರ. ಆದರೆ ಒಂದು ವಿಷಯ ಎಲ್ಲರ ಎದುರು ಓದಿ ಹೇಳಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ‘ಬೇಟೆ’ ಎಂದರೆ ಕೊಲ್ಲುವುದು, ಹಿಡಿಯುವುದಷ್ಟೇ ಅಲ್ಲ. ಕಾಡುಹಕ್ಕಿಯ ಮೊಟ್ಟೆಗೆ, ಗೂಡಿಗೆ ತೊಂದರೆ ಕೊಡುವುದೂ ಅದೇ ವ್ಯಾಖ್ಯೆಯೊಳಗೆ ಬರುತ್ತದೆ. ಕೊಂಬೆ ಬಗ್ಗಿಸಿ, ಎಲೆ ತೆಗೆದು ಗೂಡು ತೋರಿಸುವವರಿಗೆ ಇದು ಗೊತ್ತಿರುವುದಿಲ್ಲ. ತಾಯಿ ಹಕ್ಕಿ ಹಾರಿದ ಕೂಡಲೇ ಕಾಗೆ ಇಳಿಯುತ್ತದೆ. ಮರಿಗೆ ಬಿಸಿಲು ಬಡಿಯುತ್ತದೆ.

ದುಡ್ಡು ಪಡೆದು ಹಕ್ಕಿ ತೋರಿಸುವುದು ತಪ್ಪಲ್ಲ, ಅದೊಂದು ಜೀವನೋಪಾಯ. ಸಮಿತಿಯಲ್ಲಿ ಕೂತು ಸಂಘಕ್ಕೆ ಬಂದ ಗೂಡಿನ ಮಾಹಿತಿಯನ್ನು ಸ್ವಂತ ವ್ಯಾಪಾರಕ್ಕೆ ಬಳಸುವುದು ತಪ್ಪು. ‘ಮಾತು ಇದೆ’ ಎನ್ನುವುದರ ಮೇಲೆ ಯಾರನ್ನೂ ದೂರಬೇಡಿ. ಎಲ್ಲರಿಗೂ ಅನ್ವಯಿಸುವ ನಿಯಮ ತನ್ನಿ. ಪ್ರತಿ ವರ್ಷ ಸಮಿತಿಯವರೆಲ್ಲ, ಅಧ್ಯಕ್ಷರೂ ಸೇರಿ, ತಮಗೆ ಹಕ್ಕಿ, ಕೆರೆ, ಪ್ರವಾಸ, ಕಂಟ್ರಾಕ್ಟಿನಿಂದ ಏನಾದರೂ ಆದಾಯ ಇದೆಯೇ ಎಂದು ಬರೆದು ಕೊಡಬೇಕು. ಆ ವಿಷಯ ಚರ್ಚೆಗೆ ಬಂದಾಗ ಅವರು ಎದ್ದು ಹೊರಗೆ ಹೋಗಬೇಕು. ತೆರಿಗೆ ಕಾನೂನಿಗೂ ಇದು ಒಳ್ಳೆಯದು. ಸಂಘದ ಹಣ ಸಮಿತಿಯವರಿಗೋ ಅವರ ನೆಂಟರಿಗೋ ಅನುಚಿತ ಲಾಭವಾಗಿ ಹೋದರೆ ತೆರಿಗೆ ವಿನಾಯಿತಿಗೇ ಕುತ್ತು.

ಜೊತೆಗೆ ಇನ್ನೊಂದು: ಗಾಯಗೊಂಡ ಗೂಬೆ, ಹದ್ದು ಸಿಕ್ಕರೆ ಮನೆಯಲ್ಲಿ ಇಟ್ಟುಕೊಳ್ಳುವಂತಿಲ್ಲ. 48 ಗಂಟೆಯೊಳಗೆ ಪೊಲೀಸ್ ಠಾಣೆಗೋ ಅರಣ್ಯ ಇಲಾಖೆಗೋ ತಿಳಿಸಬೇಕು. ಮಕ್ಕಳನ್ನು ಕೆರೆಗೆ ಕರೆದೊಯ್ಯುವಾಗ ಪೋಷಕರ ಒಪ್ಪಿಗೆ ಪತ್ರ, ನೀರಿನ ಅಂಚಿನಲ್ಲಿ ದೊಡ್ಡವರ ಕಾವಲು ಬೇಕು ಎಂದು ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ.

‘ನನಗೆ ಹಕ್ಕಿ ಗೊತ್ತಿಲ್ಲ’

ಇದು ದೊಡ್ಡ ಕೊರತೆ ಅಲ್ಲ. 2023ರ ‘ಭಾರತದ ಹಕ್ಕಿಗಳ ಸ್ಥಿತಿಗತಿ’ ವರದಿ 942 ಪ್ರಭೇದಗಳನ್ನು ಅಳೆದು 178ಕ್ಕೆ ತುರ್ತು ಗಮನ ಬೇಕು ಎಂದಿತು. ಅದಕ್ಕೆ ಆಧಾರ 30,000ಕ್ಕೂ ಹೆಚ್ಚು ಹಕ್ಕಿ ವೀಕ್ಷಕರು ದಾಖಲಿಸಿದ 3 ಕೋಟಿಯಷ್ಟು ನೋಟಗಳು. ಹಕ್ಕಿ ಗುರುತಿಸುವವರು ನಮ್ಮಲ್ಲಿ ಬೆಳೆಯುತ್ತಿದ್ದಾರೆ. ಅವರ ಪಟ್ಟಿಯನ್ನು ಹಿಡಿದು ಪಂಚಾಯತಿಗೆ ಹೋಗಿ ಪಿಡಿಒ ಎದುರು ಕೂತು ಮಾತಾಡುವವರು, ರಸೀದಿ ಬರೆಯುವವರು, ಬೇಡದ ಹಣಕ್ಕೆ ಬೇಡ ಎನ್ನುವವರು ಕಡಿಮೆ.

ನಿಮ್ಮ ಜಿಲ್ಲೆಯಲ್ಲೇ ಸಿರಾ ತಾಲ್ಲೂಕಿನ ಕಗ್ಗಲಡು ಇದೆ. ಊರೊಳಗಿನ ಹುಣಸೆ ಮರಗಳ ಮೇಲೆ ಬಣ್ಣದ ಕೊಕ್ಕರೆಗಳು ಗೂಡು ಕಟ್ಟುತ್ತವೆ. ಕಾಯುತ್ತಿರುವುದು ಊರವರು. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲೂ ಹಾಗೇ. ಹೆರಿಗೆಗೆ ತವರಿಗೆ ಬಂದ ಮಗಳು ಎಂದು ಅಲ್ಲಿಯವರು ಹಕ್ಕಿಯನ್ನು ಕಾಣುತ್ತಾರೆ. ಇವರಲ್ಲಿ ಎಷ್ಟು ಜನ ಪಕ್ಷಿ ಸಂಘದ ಸಮಿತಿಗಳಲ್ಲಿದ್ದಾರೆ? ನಿಮ್ಮ ಸಮಿತಿಯಲ್ಲಿ ಕೆರೆ ಕೆಳಗಿನ ಒಬ್ಬ ರೈತ, ಮೀನು ಹಿಡಿಯುವ ಮನೆಯ ಒಬ್ಬರು, ಒಬ್ಬಿಬ್ಬರು ಕಾಲೇಜು ಹುಡುಗ ಹುಡುಗಿಯರು ಇರಲಿ ಎಂದು ನೀವು ಕೇಳಬಹುದು. ಪಕ್ಷಿತಜ್ಞರಷ್ಟೇ ಕೂತ ಸಮಿತಿಗೆ ಎಣಿಕೆ ಚೆನ್ನಾಗಿ ಬರುತ್ತದೆ, ಕೆರೆ ಉಳಿಸಿಕೊಳ್ಳುವುದು ಬರುವುದಿಲ್ಲ.

ಹಾಗಾದರೆ ಒಪ್ಪಿಕೊಳ್ಳಬೇಕಾ? ಈಗಿಂದೀಗಲೇ ಖಜಾಂಚಿ ಆಗುವುದನ್ನು ನಾನು ಸಲಹೆ ಮಾಡುವುದಿಲ್ಲ. ಹಳೆ ಮೂರು ವರ್ಷದ ಲೆಕ್ಕ ನಿಮ್ಮ ಹೆಗಲಿಗೆ ಬರುತ್ತದೆ. ಪೂರ್ತಿ ದೂರ ಉಳಿದರೆ ನಿಮಗೆ ಅಪಾಯ ಇಲ್ಲ, ಆದರೆ ಕೆರೆಯ ತೀರ್ಮಾನ ನೀವಿಲ್ಲದೆ ಆಗುತ್ತದೆ. ನಿಮ್ಮ ಪತ್ರ ಓದಿದರೆ ಅದು ನಿಮಗೆ ಸಮಾಧಾನ ಕೊಡುವ ಹಾಗೆ ಕಾಣುವುದಿಲ್ಲ. ಸದ್ಯ ಸಾಮಾನ್ಯ ಸಮಿತಿ ಸದಸ್ಯೆಯಾಗಿ ಬರುತ್ತೇನೆ, ಬಾಕಿ ಆಡಿಟ್ ಮುಗಿಸಿ ಸರ್ವಸದಸ್ಯರ ಸಭೆ ಕರೆಯಲು ನೆರವಾಗುತ್ತೇನೆ, ಆ ಸಭೆ ನನ್ನನ್ನು ಆರಿಸಿದರೆ ಖಜಾಂಚಿ ಆಗುತ್ತೇನೆ ಎಂದು ಪತ್ರ ಬರೆದು ಕೊಡಿ. ಪ್ರತಿ ಚೆಕ್ಕಿಗೂ ಇಬ್ಬರ ಸಹಿ, ಪದಾಧಿಕಾರಿಗಳ ಅವಧಿಗೆ ಬೈಲಾದಲ್ಲಿ ಮಿತಿ, ಇವೆರಡನ್ನೂ ಅದರಲ್ಲೇ ಸೇರಿಸಿ. ಅವಧಿಯ ಮಾತನ್ನು ಅಧ್ಯಕ್ಷರ ಹತ್ತಿರ ಒಬ್ಬರೇ ಕೂತು ಮೊದಲು ಆಡಿ. ಸಂಘ ಕಟ್ಟಿದವರಿಗೆ ಸಭೆಯಲ್ಲಿ ಎಲ್ಲರೆದುರು ಅದನ್ನು ಕೇಳಿಸಿಕೊಳ್ಳುವುದು ಕಷ್ಟ. ಗೌರವ ಸಲಹೆಗಾರರಾಗಿ ಇರಿ, ಹೊಸಬರನ್ನು ತಯಾರು ಮಾಡಿ ಎಂದರೆ ಬಹಳಷ್ಟು ಸ್ಥಾಪಕರು ನಿಜಕ್ಕೂ ಹಗುರಾಗುತ್ತಾರೆ.

ಅವರು ಒಪ್ಪದಿದ್ದರೆ ಖಜಾಂಚಿ ಹುದ್ದೆ ಬೇಡ ಎನ್ನಿ, ಸದಸ್ಯತ್ವ ಮಾತ್ರ ಬಿಡಬೇಡಿ. ಸದಸ್ಯರಾಗಿ ಲೆಕ್ಕ ಕೇಳುವ ಹಕ್ಕು ನಿಮಗಿದೆ. ಮೂರನೇ ಒಂದು ಭಾಗ ಸದಸ್ಯರು ಸೇರಿ ಅರ್ಜಿ ಕೊಟ್ಟರೆ ನೋಂದಣಾಧಿಕಾರಿ ವಿಚಾರಣೆ ನಡೆಸಬಹುದು. ಆದರೆ ವಿಚಾರಣೆ ಶುರುವಾದ ಮೇಲೆ ಸಂಘದ ಶಕ್ತಿಯೆಲ್ಲ ಅದಕ್ಕೇ ಹೋಗುತ್ತದೆ, ಒಂದೆರಡು ವರ್ಷ ಎಣಿಕೆಯೂ ನಿಲ್ಲಬಹುದು. ಹಾಗಾಗಿ ಮೊದಲು ಸಭೆ ಕರೆಯಿರಿ ಎಂದು ಸದಸ್ಯರ ಸಹಿ ಹಾಕಿಸಿ ಕಾರ್ಯದರ್ಶಿಗೆ ಪತ್ರ ಕೊಟ್ಟು, ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಹೆಚ್ಚಿನ ಕಡೆ ವಿಷಯ ಅಲ್ಲಿಗೇ ಇತ್ಯರ್ಥವಾಗುತ್ತದೆ.